ಗ್ಯಾಸ್‌ಲೈಟಿನ ಗಾಳಿ ಎಲ್ಲಿ ಸೋರುತ್ತಿದೆ: ಹಳೆಯ ಪೆಟ್ರೋಮ್ಯಾಕ್ಸಿನ ವಾಲ್ವ್, ವಾಷರ್ ದುರಸ್ತಿ

ಅಟ್ಟದಿಂದ ಇಳಿಸಿದ ಗ್ಯಾಸ್‌ಲೈಟಿಗೆ ಸೀಮೆಎಣ್ಣೆ ತುಂಬಿ ಪಂಪು ಹೊಡೆದಾಗ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಾಣಿಸುತ್ತದೆ. ಪಂಪಿನ ಹಿಡಿ ಯಾವ ತಡೆಯೂ ಇಲ್ಲದೆ ಸಲೀಸಾಗಿ ಒಳಗೆ ಹೋಗುತ್ತದೆ, ಮೀಟರಿನ ಮುಳ್ಳು ಕದಲುವುದೇ ಇಲ್ಲ. ಇಲ್ಲವೇ ಒತ್ತಿದ ಹಿಡಿ ತಾನಾಗಿಯೇ ಹೊರಕ್ಕೆ ತಳ್ಳಿಕೊಂಡು ಬರುತ್ತದೆ. ಇಲ್ಲವೇ ಒತ್ತಡವೇನೋ ಏರುತ್ತದೆ, ಹತ್ತು ನಿಮಿಷದೊಳಗೆ ಇಳಿದುಹೋಗುತ್ತದೆ. ಮೂರಕ್ಕೂ ಜನ ಮಾಡುವ ಮದ್ದು ಒಂದೇ: ಪಂಪಿನ ಲೆದರ್ ವಾಷರ್ ಬದಲಿಸುವುದು. ಮೊದಲನೆಯದಕ್ಕೆ ಅದು ಸರಿಯಾದ ಮದ್ದು. ಉಳಿದೆರಡಕ್ಕೆ ಹೊಸ ಲೆದರ್ ಹಾಕಿದರೂ ಲೈಟು ಇದ್ದ ಹಾಗೇ ಇರುತ್ತದೆ, ಯಾಕೆಂದರೆ ಅಲ್ಲಿ ಕೆಟ್ಟಿರುವುದು ಬಟಾಣಿ ಕಾಳಿನಷ್ಟು ದೊಡ್ಡ ಒಂದು ರಬ್ಬರ್ ಬಿರಡೆ ಅಥವಾ ಎಲ್ಲೋ ಒಂದು ಸೀಸದ ವಾಷರ್.

ಇಲ್ಲಿ ಹೇಳುತ್ತಿರುವುದು 500 ಕ್ಯಾಂಡಲ್‌ನ ಪೆಟ್ರೋಮ್ಯಾಕ್ಸ್ ಮಾದರಿಯ ಲೈಟಿನ ಬಗ್ಗೆ. ಇದು ಬರ್ಲಿನ್‌ನ ಎರಿಖ್ ಅಂಡ್ ಗ್ರೆಟ್ಸ್ ಕಂಪನಿ 20ನೇ ಶತಮಾನದ ಆರಂಭದಲ್ಲಿ ತಂದ ವಿನ್ಯಾಸ. ಪೆಟ್ರೋಲಿಯಂ ಎಂಬ ಪದದ ಮೊದಲ ತುಂಡಿಗೆ ಮ್ಯಾಕ್ಸ್ ಗ್ರೆಟ್ಸ್ ಅವರ ಹೆಸರು ಸೇರಿ ಪೆಟ್ರೋಮ್ಯಾಕ್ಸ್ ಆಯಿತು. ನಮ್ಮ ಮದುವೆ ದಿಬ್ಬಣಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಉರಿದ ಬಹುಪಾಲು ಗ್ಯಾಸ್‌ಲೈಟುಗಳು ಇದೇ ಅಚ್ಚಿನವು. ಒಂದು ಲೀಟರ್ ಸೀಮೆಎಣ್ಣೆಗೆ ಸುಮಾರು 8 ಗಂಟೆ ಉರಿಯುತ್ತದೆ. ಒಂದು ಬಯಲಾಟದ ರಾತ್ರಿಗೆ ಹೆಚ್ಚುಕಡಿಮೆ ಸರಿಹೋಗುವ ಲೆಕ್ಕ. ಪಂಪ್ ಸ್ಟೌವಿನ ಪಂಪೂ ಇದೇ ರೀತಿಯದು, ಆದ್ದರಿಂದ ಮುಂದಿನ ಬಹಳಷ್ಟು ಮಾತು ಅದಕ್ಕೂ ಸಲ್ಲುತ್ತದೆ.

ಕೈ ಹಾಕುವ ಮೊದಲು ಎರಡು ಮಾತು. ಯಾವ ಭಾಗ ಬಿಚ್ಚುವುದಿದ್ದರೂ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಸಡಿಲಿಸಿ ಒತ್ತಡ ಪೂರ್ತಿ ಬಿಡಿ, ಎಣ್ಣೆ ಬಗ್ಗಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಈ ಲೈಟಿಗೆ ಪೆಟ್ರೋಲ್ ಹಾಕಬಾರದು, ಸೀಮೆಎಣ್ಣೆಗೆ ಬೆರೆಸಿಯೂ ಹಾಕಬಾರದು. ಸೀಮೆಎಣ್ಣೆ ಸಿಗುವುದು ಕಷ್ಟವಾಗಿರುವ ಈಗ ಈ ಯೋಚನೆ ಹಲವರಿಗೆ ಬರುತ್ತದೆ. ಅದು ಟ್ಯಾಂಕು ಸಿಡಿಸುವ ಯೋಚನೆ.

ದೋಷವಲ್ಲದ ದೋಷ

ಎಷ್ಟು ಹೊಡೆದರೂ ಮುಳ್ಳು ಏರುತ್ತಿಲ್ಲ ಎಂದು ದೂರುವ ಮೊದಲು ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇದೆ ನೋಡಿ. ಪಂಪಿನ ಒಳವ್ಯಾಸ 2 ಸೆಂ.ಮೀ., ಎಳೆತ 10 ಸೆಂ.ಮೀ. ಇದ್ದರೆ ಒಂದು ಹೊಡೆತಕ್ಕೆ ಒಳಹೋಗುವ ಗಾಳಿ ಸುಮಾರು 31 ಮಿ.ಲೀ. ಟ್ಯಾಂಕಿನ ಒಟ್ಟು ಜಾಗ ಒಂದೂಕಾಲು ಲೀಟರ್ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಎಣ್ಣೆ ತುಂಬಿದ್ದರೆ ಗಾಳಿಗೆ ಉಳಿಯುವುದು 250 ಮಿ.ಲೀ.; ಒಂದು ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡಕ್ಕೆ ಎಂಟು ಹೊಡೆತ, ಎರಡು ಕೆ.ಜಿ.ಗೆ ಹದಿನಾರು. ಅದೇ ಟ್ಯಾಂಕಿನಲ್ಲಿ ಕಾಲು ಲೀಟರ್ ಮಾತ್ರ ಇದ್ದರೆ ಎರಡು ಕೆ.ಜಿ.ಗೆ ಅರವತ್ತಕ್ಕೂ ಹೆಚ್ಚು ಹೊಡೆತ ಬೇಕು. ಪಂಪಿನಲ್ಲಿ ಏನೂ ಕೆಟ್ಟಿಲ್ಲ, ತುಂಬಬೇಕಾದ ಜಾಗ ನಾಲ್ಕು ಪಟ್ಟು ಆಗಿದೆ, ಅಷ್ಟೇ.

ಉರಿಯುವಾಗ ಒತ್ತಡ ಇಳಿಯುವುದೂ ಹೀಗೆಯೇ. ಎಣ್ಣೆ ಖರ್ಚಾದಂತೆ ಗಾಳಿಯ ಜಾಗ ಹಿಗ್ಗುತ್ತದೆ, ಒತ್ತಡ ಕುಗ್ಗುತ್ತದೆ. ಗಂಟೆಗೊಮ್ಮೆ ಪಂಪು ಹೊಡೆಯಬೇಕಾಗಿ ಬಂದರೆ ಅದು ಸಹಜ. ಹತ್ತು ನಿಮಿಷಕ್ಕೊಮ್ಮೆ ಆದರೆ ಸೋರಿಕೆ. ಬಿಸಿಲಿನಲ್ಲಿಟ್ಟು ಪಂಪು ಹೊಡೆದ ಲೈಟನ್ನು ಒಳಗೆ ತಂದಿಟ್ಟರೆ ಟ್ಯಾಂಕು ತಣ್ಣಗಾಗಿ ಮುಳ್ಳು ಒಂದೆರಡು ಗೆರೆ ಇಳಿಯುತ್ತದೆ. ಅದನ್ನು ಸೋರಿಕೆ ಎಂದು ಲೆಕ್ಕ ಹಿಡಿಯಬೇಡಿ.

ಬಿಚ್ಚದೆ ಮಾಡುವ ಪರೀಕ್ಷೆ

ಟ್ಯಾಂಕಿಗೆ ಮುಕ್ಕಾಲು ಭಾಗ ಎಣ್ಣೆ ಹಾಕಿ. ಎಣ್ಣೆಯ ದಾರಿ ತೆರೆದು ಮುಚ್ಚುವ ಚಕ್ರವನ್ನು ಪೂರ್ತಿ ಮುಚ್ಚಿದ ಸ್ಥಿತಿಗೆ, ಅಂದರೆ ನಿಪ್ಪಲ್ಲಿನ (ಎಣ್ಣೆಯ ಆವಿ ಚಿಮ್ಮುವ ಪುಟ್ಟ ಮೂತಿಯ) ತೂತಿನಲ್ಲಿ ಸೂಜಿ ಮೇಲೆದ್ದು ನಿಲ್ಲುವ ಸ್ಥಿತಿಗೆ ತಿರುಗಿಸಿ. ಗಾಳಿ ಸ್ಕ್ರೂ ಬಿಗಿ ಮಾಡಿ. ದೀಪ ಹಚ್ಚದೆ ಹತ್ತು ಹೊಡೆತ ಹೊಡೆದು ಹಿಡಿಯ ಮೇಲಿನಿಂದ ಕೈ ತೆಗೆಯಿರಿ.

ಹೊಡೆಯುವಾಗ ಕೈಗೆ ತಡೆಯೇ ಸಿಗದಿದ್ದರೆ ಲೆದರ್ ಒಣಗಿದೆ ಅಥವಾ ತಿರುಗುಮುರುಗಾಗಿದೆ. ತಡೆ ಸಿಕ್ಕಿ, ಕೈ ಬಿಟ್ಟ ಮೇಲೆ ಹಿಡಿ ಮೆಲ್ಲನೆ ಹೊರಬಂದರೆ ಪಂಪಿನ ಅಡಿಯ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ಪಂಪಿನ ಮುಚ್ಚಳದ ಸುತ್ತ ಎಣ್ಣೆ ಜಿನುಗಿದ್ದರೂ ಅದೇ ಕಾರಣ. ಪಂಪು ಕೊಳವೆಯ ಒಳತುದಿ ಎಣ್ಣೆಯಲ್ಲಿ ಮುಳುಗಿರುವುದರಿಂದ ವಾಲ್ವ್ ಸೋತರೆ ಗಾಳಿಗಿಂತ ಮೊದಲು ಎಣ್ಣೆಯೇ ಹಿಂದಕ್ಕೆ ಬರುತ್ತದೆ. ಇಂಥ ಲೈಟನ್ನು ಹಾಗೇ ಹಚ್ಚಬೇಡಿ. ಉರಿಯುವ ಬರ್ನರ್ ಕೆಳಗೇ ಎಣ್ಣೆ ಚಿಮ್ಮುತ್ತದೆ.

ಹಿಡಿ ಕದಲದೆ ನಿಂತು, ಮುಳ್ಳು ಮಾತ್ರ ಇಳಿಯುತ್ತಿದ್ದರೆ ಪಂಪಿನ ಕಡೆ ಹೋಗಲೇಬೇಡಿ. ಒಂದು ಬಟ್ಟಲು ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಕಲಸಿ ಚಿಕ್ಕ ಬ್ರಷ್‌ನಿಂದ ಮುಚ್ಚಳದ ಅಂಚು, ಗಾಳಿ ಸ್ಕ್ರೂ, ಮೀಟರಿನ ಬುಡ, ಚಕ್ರದ ದಂಡ, ಆವಿ ಕೊಳವೆ ಟ್ಯಾಂಕಿಗೆ ಕೂರುವ ನಟ್ಟು, ಟ್ಯಾಂಕಿನ ಬೆಸುಗೆ ಅಂಚುಗಳಿಗೆ ಹಚ್ಚಿ. ಗುಳ್ಳೆ ಏಳುವ ಜಾಗವೇ ಉತ್ತರ. ದೊಡ್ಡ ಸೋರಿಕೆ ಉಸ್ಸೆಂದು ಕಿವಿಗೇ ಕೇಳುತ್ತದೆ. ಸಣ್ಣದು ಸಾಸಿವೆ ಕಾಳಿನಂಥ ಗುಳ್ಳೆಗಳ ಗೊಂಚಲಾಗಿ ಒಂದೆರಡು ನಿಮಿಷದ ನಂತರ ಕಾಣುತ್ತದೆ, ಆದ್ದರಿಂದ ಅವಸರ ಬೇಡ. ಎಣ್ಣೆಯ ಮಟ್ಟಕ್ಕಿಂತ ಕೆಳಗಿನ ಸೋರಿಕೆ ಗುಳ್ಳೆ ಬರಿಸುವುದಿಲ್ಲ, ಒದ್ದೆ ಮಾಡುತ್ತದೆ. ಅಲ್ಲಿ ಸೋಪಿನ ನೀರಿಗಿಂತ ಒಣ ಟಿಶ್ಯೂ ಕಾಗದ ಒಳ್ಳೆಯದು.

ಲೆದರ್ ವಾಷರ್

ಪಂಪಿನ ಮುಚ್ಚಳ ತಿರುಗಿಸಿ ದಂಡವನ್ನು ಹೊರಗೆಳೆಯಿರಿ. ತುದಿಯಲ್ಲಿರುವ ಚರ್ಮದ ಬಟ್ಟಲಿನ ಬಾಯಿ ಟ್ಯಾಂಕಿನ ಕಡೆಗೆ ತೆರೆದಿರಬೇಕು. ಒತ್ತುವಾಗ ಗಾಳಿ ಆ ಬಾಯಿಯೊಳಗೆ ತುಂಬಿ ಅಂಚನ್ನು ಕೊಳವೆಯ ಗೋಡೆಗೆ ಅಮುಕುತ್ತದೆ. ಎಳೆಯುವಾಗ ಅಂಚು ಒಳಗೆ ಮಡಿಚಿಕೊಂಡು ಹೊರಗಿನ ಗಾಳಿಗೆ ದಾರಿ ಬಿಡುತ್ತದೆ. ಈ ಬಟ್ಟಲು ಬರಿಯ ವಾಷರ್ ಅಲ್ಲ, ಅದೂ ಒಂದು ವಾಲ್ವ್. ಬಾಯಿ ಹಿಡಿಯ ಕಡೆಗೆ ತಿರುಗಿದ್ದರೆ ಎಷ್ಟು ಒಳ್ಳೆಯ ಚರ್ಮವಾದರೂ ಗಾಳಿ ಕಟ್ಟುವುದಿಲ್ಲ.

ಚರ್ಮ ಬಿರುಕು ಬಿಟ್ಟಿಲ್ಲದಿದ್ದರೆ ಎಸೆಯಬೇಡಿ. ಉಗುರುಬೆಚ್ಚಗಿನ ಹರಳೆಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಹೊರಕ್ಕೆ ತೀಡಿ ಅರಳಿಸಿ. ಬಹಳಷ್ಟು ಲೈಟುಗಳಿಗೆ ಇಷ್ಟೇ ಸಾಕಾಗುತ್ತದೆ. ಕೈಗೆ ಸಿಕ್ಕ ಎಣ್ಣೆ ಹಾಕುವುದು ತಪ್ಪು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಮಲೆನಾಡಿನ ಚಳಿಗಾಲದ ರಾತ್ರಿ ಪಂಪು ಕಚ್ಚಿ ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಅಂಟಾಗುತ್ತದೆ. ಹರಳೆಣ್ಣೆ ಒಣಗದ ಎಣ್ಣೆ. ಅದು ಸಿಗದಿದ್ದರೆ ಗೇರ್ ಆಯಿಲ್ ನಡೆಯುತ್ತದೆ.

ಹೊಸದು ಮಾಡುವುದಿದ್ದರೆ ಚರ್ಮದ ಆಯ್ಕೆಯೇ ಮುಖ್ಯ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ ನೀರಲ್ಲಿ ನೆನೆದು ಕೊಟ್ಟ ಆಕಾರಕ್ಕೆ ಬರುತ್ತದೆ, ಒಣಗಿದ ಮೇಲೆ ಆ ಆಕಾರ ಬಿಡುವುದಿಲ್ಲ. ಕ್ರೋಮ್ ಹಾಕಿ ಹದ ಮಾಡಿದ ಮೆತ್ತನೆಯ ಬ್ಯಾಗಿನ ಚರ್ಮ ಮತ್ತೆ ಚಪ್ಪಟೆಯಾಗುತ್ತದೆ. ಕತ್ತರಿಸಿದ ಅಂಚು ನೋಡಿ: ಒಳಗೆ ನೀಲಿ ಬೂದು ಬಣ್ಣ ಇದ್ದರೆ ಕ್ರೋಮ್, ಪೂರ್ತಿ ಕಂದಾಗಿದ್ದರೆ ತೊಗಟೆಯದು. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರು ಬಳಸುವುದು ಈ ತೊಗಟೆಯ ಬಗೆ. ಅವರ ಪಟ್ಟಿಯ ತುಣುಕಿನಲ್ಲಿ ಒಂದೂವರೆಯಿಂದ 2 ಮಿ.ಮೀ. ದಪ್ಪದ್ದನ್ನು ಆರಿಸಿ, ಅಟ್ಟೆಯ ದಪ್ಪ ಚರ್ಮ ಬೇಡ.

ಕೊಳವೆಯ ಒಳವ್ಯಾಸ 20 ಮಿ.ಮೀ. ಎಂದುಕೊಂಡರೆ ಅದಕ್ಕೆ ಎರಡೂ ಬದಿ 6 ಮಿ.ಮೀ. ಅಂಚು ಸೇರಿಸಿ 32 ಮಿ.ಮೀ. ಬಿಲ್ಲೆ ಕತ್ತರಿಸಿ. ನಡುವೆ ದಂಡದ ಸ್ಕ್ರೂವಿನ ಅಳತೆಗೆ ತೂತು. ಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ. ಕುದಿಯುವ ನೀರಾದರೆ ಚರ್ಮ ಮುದುಡಿ ಕೊರಡಾಗುತ್ತದೆ. 20 ಮಿ.ಮೀ. ಒಳವ್ಯಾಸದ ಯಾವುದಾದರೂ ಪೈಪಿನ ತುಂಡಿನ ಬಾಯಿಗೆ ಬಿಲ್ಲೆ ಇಟ್ಟು, 16 ಮಿ.ಮೀ. ದುಂಡನೆಯ ಕಡ್ಡಿಯಿಂದ ಒಳಕ್ಕೆ ಒತ್ತಿ. ಚರ್ಮದ ದಪ್ಪ ಎರಡೂ ಬದಿ 2 ಮಿ.ಮೀ. ಆದ್ದರಿಂದಲೇ ಈ 16. ನುಣುಪು ಬದಿ ಹೊರಗೆ ಬರಲಿ. ನೆರಳಿನಲ್ಲಿ ಒಂದು ದಿನ ಒಣಗಿಸಿ, ಅಂಚನ್ನು ಬ್ಲೇಡಿನಿಂದ ಸಮವಾಗಿ 5 ಮಿ.ಮೀ.ಗೆ ಕತ್ತರಿಸಿ, ಹರಳೆಣ್ಣೆಯಲ್ಲಿ ರಾತ್ರಿ ನೆನೆಸಿ. ಜೋಡಿಸುವಾಗ ಅಂಚು ಎಲ್ಲೂ ಮಡಿಚದಂತೆ ತಿರುಗಿಸುತ್ತಾ ಒಳಗೆ ಬಿಡಿ.

ಪಂಪಿನ ಅಡಿಯ ವಾಲ್ವ್

ಹಳೆಯ ಲೈಟುಗಳ ನಿಜವಾದ ರೋಗ ಇರುವುದು ಇಲ್ಲಿ, ಮತ್ತು ಬಿಚ್ಚುವುದು ಕಷ್ಟ ಎಂದು ಜನ ಬಿಟ್ಟುಬಿಡುವ ಭಾಗವೂ ಇದೇ. ಪಂಪು ಕೊಳವೆಯ ತಳದಲ್ಲಿ ಒಂದು ಹಿತ್ತಾಳೆಯ ಚಿಕ್ಕ ಡಬ್ಬಿ ತಿರುಪಿನಿಂದ ಕೂತಿರುತ್ತದೆ. ಅದರೊಳಗೆ ಒಂದು ಸ್ಪ್ರಿಂಗ್, ಸ್ಪ್ರಿಂಗಿನ ತಲೆಗೆ ಹಿತ್ತಾಳೆಯ ಟೊಪ್ಪಿ, ಟೊಪ್ಪಿಯಲ್ಲಿ ರಬ್ಬರ್ ಬಿರಡೆ. ಬಿರಡೆ ಬಂದು ಕೂರುವುದು ತೂತಿನ ಸುತ್ತ ಎದ್ದಿರುವ ತೆಳ್ಳನೆಯ ಹಿತ್ತಾಳೆ ಉಂಗುರದ ಮೇಲೆ. ಇಡೀ ಟ್ಯಾಂಕಿನ ಒತ್ತಡವನ್ನು ತಡೆಯುವುದು ಈ ಎರಡರ ಹೊಂದಿಕೆ.

ಬಿಚ್ಚಲು ಕೊಳವೆಯ ಆಳಕ್ಕೆ ತಲುಪುವ ಉದ್ದನೆಯ ಕೀ ಬೇಕು, ತುದಿ ವಾಲ್ವಿನ ಕಚ್ಚಿಗೆ ಪೂರ್ತಿ ಅಗಲಕ್ಕೆ ಕೂರಬೇಕು. ಕಿರಿದಾದ ಸ್ಕ್ರೂಡ್ರೈವರ್ ಹಾಕಿದರೆ ಕಚ್ಚು ಕಿತ್ತುಹೋಗುತ್ತದೆ, ಆಮೇಲೆ ಅದನ್ನು ತೆಗೆಯಲು ದಾರಿಯೇ ಇರುವುದಿಲ್ಲ. ಅಗಲ ಸ್ಕ್ರೂಡ್ರೈವರಿನ ತುದಿಯನ್ನು ಕಚ್ಚಿನ ಅಳತೆಗೆ ಅರದಿಂದ ಉಜ್ಜಿಕೊಂಡರೆ ಕೀ ಸಿದ್ಧ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಒಂದೇ ಏಟಿಗೆ ಬಿಡುವುದಿಲ್ಲ. ಟ್ಯಾಂಕು ಖಾಲಿ ಮಾಡಿ, ಕೊಳವೆಯೊಳಗೆ ತುಕ್ಕು ಬಿಡಿಸುವ ಎಣ್ಣೆಯ ಐದಾರು ಹನಿ ಬಿಟ್ಟು ಒಂದು ದಿನ ಇಡಿ. ಆಮೇಲೆ ಕೊಳವೆಗೆ ಕುದಿಯುವ ನೀರು ಸುರಿದು ಐದು ನಿಮಿಷ ಬಿಟ್ಟು, ನೀರು ಚೆಲ್ಲಿ, ಬಿಸಿ ಇರುವಾಗಲೇ ಕೀ ಇಟ್ಟು ಮೇಲಿನಿಂದ ಪೂರ್ತಿ ಭಾರ ಹಾಕಿ ತಿರುಗಿಸಿ. ಟ್ಯಾಂಕನ್ನು ತೊಡೆಯ ನಡುವೆ ಹಿಡಿದರೆ ಜಾರುತ್ತದೆ. ಗೋಣಿಚೀಲ ಸುತ್ತಿ ನೆಲದ ಮೇಲೆ ಇನ್ನೊಬ್ಬರು ಹಿಡಿಯುವುದು ಲೇಸು. ಬೆಂಕಿ ತೋರಿಸಿ ಬಿಸಿ ಮಾಡುವುದು ಖಂಡಿತ ಬೇಡ, ಖಾಲಿ ಟ್ಯಾಂಕಿನಲ್ಲೂ ಸೀಮೆಎಣ್ಣೆ ಆವಿ ಇರುತ್ತದೆ.

ಹೊರಬಂದ ಬಿರಡೆಯನ್ನು ಬೆಳಕಿಗೆ ಹಿಡಿದು ನೋಡಿ. ಮುಖದ ಮೇಲೆ ಉಗುರಿನಿಂದ ಒತ್ತಿದಂತೆ ಒಂದು ಉಂಗುರದ ಗುಂಡಿ ಬಿದ್ದಿರುತ್ತದೆ. ಆ ಗುಂಡಿ ಆಳವಾಗಿ, ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಟೊಪ್ಪಿ ಒಂದು ಎಳೆಯಷ್ಟು ಪಕ್ಕಕ್ಕೆ ಸರಿದರೂ ಸಾಕು, ಹಳೆ ಗುಂಡಿಯ ಅಂಚು ಉಂಗುರದ ಮೇಲೆ ಹತ್ತಿ ಗಾಳಿ ಬಿಡುತ್ತದೆ. ಕೆಲವು ಲೈಟುಗಳು ಒಂದು ಸಲ ಹಿಡಿದು ಇನ್ನೊಂದು ಸಲ ಸೋರುವುದಕ್ಕೆ ಕಾರಣ ಇದೇ. ಸದ್ಯಕ್ಕೆ ಕೆಲಸ ಆಗಬೇಕಿದ್ದರೆ ಬಿರಡೆಯನ್ನು ಮಗುಚಿ ಹಾಕಿ, ಹಿಂಬದಿ ಇನ್ನೂ ಸಪಾಟಾಗಿರುತ್ತದೆ.

ಹೊಸ ಬಿರಡೆಗೆ ಸೈಕಲ್ ಟ್ಯೂಬಿನ ತುಂಡು ಹಾಕುವ ರೂಢಿ ಇದೆ. ಅದು ಕೆಲವು ದಿನ ಚೆನ್ನಾಗಿಯೇ ನಡೆಯುತ್ತದೆ, ಆಮೇಲೆ ಸೀಮೆಎಣ್ಣೆ ಕುಡಿದು ಉಬ್ಬಿ ಟೊಪ್ಪಿಯಿಂದ ಹೊರಗೆ ಬರುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಬೇಕು. ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ 3 ಮಿ.ಮೀ. ಹಾಳೆ ಅಥವಾ ಕಡ್ಡಿಯಾಗಿ ಸಿಗುತ್ತದೆ. ಹೆಚ್ಚು ಶಾಖ ತಾಳುವ ವಿಟಾನ್ ರಬ್ಬರ್ ಇನ್ನೂ ಬಾಳಿಕೆಯದು, ಆದರೆ ಈ ವಾಲ್ವ್ ಟ್ಯಾಂಕಿನ ತಣ್ಣನೆಯ ಭಾಗದಲ್ಲಿರುವುದರಿಂದ ನೈಟ್ರೈಲ್ ಸಾಕು. ಅಳತೆಗೆ ಟೊಪ್ಪಿಯ ಒಳವ್ಯಾಸವನ್ನೇ ಹಿಡಿಯಿರಿ, ಉಬ್ಬಿದ ಹಳೆ ಬಿರಡೆಯನ್ನಲ್ಲ. ಟೊಪ್ಪಿಯ ಅಂಚಿಗಿಂತ ರಬ್ಬರ್ ಅರ್ಧದಿಂದ ಒಂದು ಮಿ.ಮೀ. ಮೇಲೆ ನಿಲ್ಲಬೇಕು, ಅಂಚಿನ ಮಟ್ಟಕ್ಕೇ ಇದ್ದರೆ ಹಿತ್ತಾಳೆ ಹಿತ್ತಾಳೆಗೆ ತಾಗುತ್ತದೆ. ಮುಖ ಸಪಾಟಾಗಿರಲು ಕತ್ತರಿಯಿಂದಲ್ಲ, ಹರಿತವಾದ ಪಂಚ್‌ನಿಂದ ಹೊಡೆದು ತೆಗೆಯಿರಿ.

ಉಂಗುರವನ್ನು ಮರೆಯಬೇಡಿ. ಅಲ್ಲಿ ಒಂದು ಗೀರು ಇದ್ದರೆ ಎಷ್ಟು ಬಿರಡೆ ಬದಲಿಸಿದರೂ ವ್ಯರ್ಥ. ಚಪ್ಪಟೆ ತುದಿಯ ಕಡ್ಡಿಗೆ 1000 ನಂಬರಿನ ಎಮೆರಿ ಕಾಗದ ಅಂಟಿಸಿ, ನೇರವಾಗಿ ಹಿಡಿದು ಹತ್ತಿಪ್ಪತ್ತು ಸುತ್ತು ಹಗುರವಾಗಿ ತಿರುಗಿಸಿ, ಕೊನೆಗೆ ಹಿತ್ತಾಳೆ ಪಾಲಿಶ್. ಉಜ್ಜಿದ ಪುಡಿಯನ್ನು ಪೂರ್ತಿ ತೊಳೆಯಿರಿ. ಸ್ಪ್ರಿಂಗ್ ಕುಗ್ಗಿದ್ದರೆ 2 ಮಿ.ಮೀ. ಎಳೆದು ಉದ್ದ ಮಾಡಬಹುದು. ತುಕ್ಕು ತಿಂದಿದ್ದರೆ ಬದಲಿಸಿ. ಜೋಡಿಸಿದ ವಾಲ್ವಿಗೆ ಒಂದು ರಬ್ಬರ್ ನಳಿಕೆ ಸಿಕ್ಕಿಸಿ, ಪಂಪಿನ ಬದಿಯಿಂದ ಊದಿದರೆ ಗಾಳಿ ಹೋಗಬೇಕು, ಹೀರಿದರೆ ನಿರ್ವಾತ ನಿಂತು ನಾಲಿಗೆಗೆ ಕಚ್ಚಿಕೊಳ್ಳಬೇಕು. ಹತ್ತು ಎಣಿಸುವವರೆಗೆ ಹಿಡಿದರೆ ವಾಲ್ವ್ ಸರಿ.

ಕೂರಿಸುವಾಗ ಅಡಿಯ ಸೀಸದ ವಾಷರ್ ಹೊಸದಿರಲಿ. ಒಮ್ಮೆ ಅಮುಕಿದ ಸೀಸ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಒಳಗಿನಿಂದ ಬಂದ ತುಕ್ಕಿನ ಚೂರು ಹೊಸ ಬಿರಡೆಗೆ ಸಿಕ್ಕಿಹಾಕಿಕೊಳ್ಳದಂತೆ, ಮುಚ್ಚುವ ಮೊದಲು ಟ್ಯಾಂಕಿಗೆ 100 ಮಿ.ಲೀ. ಶುದ್ಧ ಸೀಮೆಎಣ್ಣೆ ಹಾಕಿ ಕುಲುಕಿ ಬಿಳಿ ಬಟ್ಟೆಯ ಮೇಲೆ ಚೆಲ್ಲಿ. ಬಟ್ಟೆಯ ಮೇಲೆ ಚೂರು ಕಾಣದಾಗುವವರೆಗೆ ಮತ್ತೆ ಮತ್ತೆ ಮಾಡಿ.

ಮುಚ್ಚಳ, ಗಾಳಿ ಸ್ಕ್ರೂ, ಮೀಟರ್

ಇವು ಸುಲಭದವು. ಮುಚ್ಚಳದ ವಾಷರನ್ನು ನೈಟ್ರೈಲ್‌ನಲ್ಲಿ ಕತ್ತರಿಸಿ ಹಾಕಿ. ಗಾಳಿ ಸ್ಕ್ರೂ ತನ್ನ ಚೂಪಿನಿಂದಲೇ ಲೋಹಕ್ಕೆ ಲೋಹ ಒತ್ತಿ ಮುಚ್ಚುತ್ತದೆ. ತುದಿ ಒರೆಸಿದರೆ ಸಾಕು, ಇಕ್ಕಳದಿಂದ ಬಿಗಿ ಮಾಡಿದರೆ ಚೂಪು ಹಾಳಾಗಿ ಆಮೇಲೆ ಯಾವತ್ತೂ ಸೋರುತ್ತದೆ. ಮೀಟರಿನ ಬುಡದಲ್ಲಿ ಗುಳ್ಳೆ ಬಂದರೆ ವಾಷರ್ ಬದಲಿಸಿ. ಗಾಜಿನೊಳಗೆ ಎಣ್ಣೆ ಕಂಡರೆ ಒಳಗಿನ ನಳಿಕೆಯೇ ಒಡೆದಿದೆ, ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಚಕ್ರಕ್ಕೆ ಕಟ್ಟಿದ ಕೆಳಗಿನ ವಾಲ್ವ್

ಲೈಟು ಹಚ್ಚಲು ಸ್ಪಿರಿಟ್ ಉರಿಸಿ ಆವಿ ಕೊಳವೆಯನ್ನು ಕಾಯಿಸುತ್ತಿರುವಾಗಲೇ, ಚಕ್ರ ತೆರೆಯುವ ಮೊದಲೇ, ಹಳದಿ ಜ್ವಾಲೆ ಎದ್ದು ಮ್ಯಾಂಟಲ್ (ಬೆಳಗುವ ಬಟ್ಟೆಯ ಬಲೆ) ಕಪ್ಪಾದರೆ ದೋಷ ಇಲ್ಲಿ. ಎಣ್ಣೆ ಕೊಳವೆಯೊಳಗೆ ಏರಬಾರದ ಹೊತ್ತಿನಲ್ಲಿ ಏರಿದೆ. ಚಕ್ರ ಮುಚ್ಚಿದಾಗ ಸೂಜಿಯ ದಂಡ ಮೇಲೆದ್ದು, ಅದರ ಕೆಳತುದಿಯ ಬಿರಡೆ ಎಣ್ಣೆಯ ದಾರಿಯನ್ನು ಮುಚ್ಚಬೇಕು. ಬಿರಡೆ ಸವೆದಿದ್ದರೆ ಅಥವಾ ದಂಡದ ಅಳತೆ ತಪ್ಪಿದ್ದರೆ ಮುಚ್ಚುವುದಿಲ್ಲ.

ಮೊದಲು ಚಕ್ರ ತೆರೆದು ಸೂಜಿ ಕೆಳಗಿಳಿಸಿ, ಆಮೇಲೆ ನಿಪ್ಪಲ್ ಬಿಚ್ಚಿ. ಸೂಜಿ ಮೇಲಿದ್ದಾಗ ನಿಪ್ಪಲ್ ತಿರುಗಿಸಿದರೆ ಕೂದಲಿನಂಥ ಅದರ ಮೊನೆ ಮುರಿದು ತೂತಿನಲ್ಲೇ ಉಳಿಯುತ್ತದೆ. ನಂತರ ಸೂಜಿ ಬಿಚ್ಚಿ, ದೊಡ್ಡ ನಟ್ಟು ಸಡಿಲಿಸಿ ಕೊಳವೆಯನ್ನು ಮೇಲೆತ್ತಿ, ಅಡಿಯ ಬಿರಡೆ ಬದಲಿಸಿ. ಮೇಲಿನ ಬರ್ನರ್‌ನಿಂದ ಶಾಖ ಇಳಿಯುವ ಜಾಗವಾದ್ದರಿಂದ ಇಲ್ಲಿ ವಿಟಾನ್ ಹಾಕುವುದು ಒಳ್ಳೆಯದು. ಜೋಡಿಸಿದ ಮೇಲೆ ಚಕ್ರ ಮುಚ್ಚಿ ನಿಪ್ಪಲ್ಲಿನ ತುದಿಯನ್ನು ಅಡ್ಡ ಬೆಳಕಿನಲ್ಲಿ ನೋಡಿ: ಸೂಜಿಯ ಮೊನೆ ಹೊರಗೆ ಕಾಣಬೇಕು. ತೆರೆದಾಗ ಪೂರ್ತಿ ಮರೆಯಾಗಬೇಕು. ಮೊನೆ ಹೊರಬರುವ ಮೊದಲೇ ಚಕ್ರ ನಿಂತರೆ ಬಿರಡೆ ದಪ್ಪವಾಗಿದೆ. ಒಂದು ಎಳೆ ಸವೆಸಿ ಮತ್ತೆ ನೋಡಿ.

ತಿದಿಯಂತೆ ಭುಸುಗುಟ್ಟಿ ಕಾಯಿಸುವ ಸನ್ನೆಯ ಹೀಟರ್ ಇರುವ ಲೈಟಾದರೆ, ಅದರ ಸನ್ನೆ ಮುಚ್ಚಿದ ಮೇಲೂ ಸದ್ದು ಉಳಿದರೆ ಅಲ್ಲಿಯೂ ಇಂಥದೇ ಒಂದು ಪುಟ್ಟ ಬಿರಡೆ ಇದೆ. ಮದ್ದು ಅದೇ.

ಚಕ್ರದ ದಂಡದ ಸುತ್ತ ಎಣ್ಣೆ ಜಿನುಗಿದರೆ ಅಲ್ಲಿನ ಪ್ಯಾಕಿಂಗನ್ನು ಅಮುಕಿ ಹಿಡಿಯುವ ಗ್ಲ್ಯಾಂಡ್ ನಟ್ಟನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಹಳೆ ಪ್ಯಾಕಿಂಗ್ ತೆಗೆದು ಗ್ರಾಫೈಟ್ ದಾರವನ್ನು ನಟ್ಟು ಬಿಗಿಯಾಗುವ ದಿಕ್ಕಿನಲ್ಲೇ ಮೂರು ನಾಲ್ಕು ಸುತ್ತು ಸುತ್ತಿ. ಹಳೆಯ ಲೈಟಿನ ಬಿಳಿ ನಾರಿನ ಪ್ಯಾಕಿಂಗ್ ಆಸ್ಬೆಸ್ಟಾಸ್ ಇರಬಹುದು. ಒಣದಾಗಿ ಕೆರೆಯದೆ, ಊದದೆ, ನೀರಿನಲ್ಲಿ ನೆನೆಸಿ ತೆಗೆದು ಪ್ಲಾಸ್ಟಿಕ್‌ನಲ್ಲಿ ಕಟ್ಟಿ.

ಟ್ಯಾಂಕೇ ಸೋರುತ್ತಿದ್ದರೆ ಅಂಟು ಮೆತ್ತುವ ಕೆಲಸಕ್ಕೆ ಹೋಗಬೇಡಿ. ಸೀಮೆಎಣ್ಣೆ ಅಂಟಿನ ಅಡಿಗೆ ನುಸುಳಿ ಅದನ್ನು ಎಬ್ಬಿಸುತ್ತದೆ. ಬೆಸುಗೆಯ ಅಂಚಿನ ಸೂಜಿತೂತನ್ನು, ಟ್ಯಾಂಕು ತೊಳೆದು ತೂತಿನ ಮಟ್ಟದವರೆಗೆ ನೀರು ತುಂಬಿ, ಬಲ್ಲವರ ಕೈಯಲ್ಲಿ ಬೆಸುಗೆ ಹಾಕಿಸಬಹುದು. ಬಿರುಕು ಬಿಟ್ಟ ಟ್ಯಾಂಕು ಷೋಕೇಸಿಗೆ ಹೋಗಲಿ.

ಕೊನೆಯ ಪರೀಕ್ಷೆ

ಮುಕ್ಕಾಲು ಎಣ್ಣೆ, ಒಂದೂವರೆ ಕೆ.ಜಿ. ಒತ್ತಡ, ನೆರಳಿನಲ್ಲಿ ಒಂದು ಗಂಟೆ. ಮುಳ್ಳು ಕದಲದೆ, ಹಿಡಿ ಹೊರಬರದೆ, ಅಡಿಯಲ್ಲಿ ಹಾಸಿದ ಕಾಗದ ಒದ್ದೆಯಾಗದೆ ಇದ್ದರೆ ಮೊದಲ ಸಲ ಅಂಗಳದಲ್ಲಿ, ಒಂದು ಬಕೆಟ್ ಮರಳು ಹತ್ತಿರವಿಟ್ಟುಕೊಂಡು ಹಚ್ಚಿ. ಅರ್ಧ ಗಂಟೆ ಉರಿದ ಮೇಲೆ ಗಾಳಿ ಸ್ಕ್ರೂ ಬಿಟ್ಟು ಆರಿಸಿ, ತಣ್ಣಗಾದ ಮೇಲೆ ಗ್ಲ್ಯಾಂಡ್ ನಟ್ಟು ಮತ್ತು ಕೊಳವೆಯ ನಟ್ಟನ್ನು ಇನ್ನೊಮ್ಮೆ ನೋಡಿ. ಹೊಸ ಸೀಸ ಮೊದಲ ಬಿಸಿಗೆ ಸ್ವಲ್ಪ ಕೂರುತ್ತದೆ. ಎತ್ತಿಡುವಾಗ ಎಣ್ಣೆ ಪೂರ್ತಿ ಬಗ್ಗಿಸಿ, ಗಾಳಿ ಸ್ಕ್ರೂ ಸಡಿಲಿಸಿ, ಕೆಳಗಿನ ಬಿರಡೆಯ ಮೇಲೆ ಒತ್ತಡ ಬೀಳದಂತೆ ಚಕ್ರ ತೆರೆದಿಡಿ, ಪಂಪಿನ ಲೆದರಿಗೆ ನಾಲ್ಕು ಹನಿ ಹರಳೆಣ್ಣೆ ಬಿಡಿ.